ದುಬಾರಿ ಪ್ರೈವೇಟ್ ಹೈಸ್ಕೂಲಿಗೆ ಸೇರಿಸಿದರೆ ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಸಿಗುತ್ತಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇವೆ. ಮಗಳು ಈಗ ಎಂಟನೇ ಕ್ಲಾಸು, ಓದಿನಲ್ಲಿ ಜಾಣೆ. ಮನೆ ಹತ್ತಿರದ ಪಬ್ಲಿಕ್ ಹೈಸ್ಕೂಲ್ ಕೂಡ ಚೆನ್ನಾಗಿದೆ. ಆದರೆ ಒಂದು ಪ್ರೈವೇಟ್ ಸ್ಕೂಲಿನವರು ಹಾಕಿರುವ, ತಮ್ಮ ಮಕ್ಕಳಿಗೆ ಸಿಕ್ಕ ಕಾಲೇಜುಗಳ ಪಟ್ಟಿ ನೋಡಿ ನಮ್ಮ ಯಜಮಾನರು ಅಲ್ಲಿಗೇ ಸೇರಿಸೋಣ ಅಂತಿದ್ದಾರೆ. ವರ್ಷಕ್ಕೆ 60 ಸಾವಿರ ಡಾಲರ್ ಹತ್ತಿರ ಫೀಸು. ಅಷ್ಟು ಕಟ್ಟಿದರೆ ಒಳ್ಳೆ ಕಾಲೇಜು ಸಿಗುವುದು ನಿಜವಾಗಲೂ ಸುಲಭ ಆಗುತ್ತಾ?

ಉತ್ತರ: ಅಮೆರಿಕದಲ್ಲಿರುವ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಏಳನೇ, ಎಂಟನೇ ಕ್ಲಾಸಿಗೆ ಬಂದ ಕೂಡಲೇ ಏಳುವ ಪ್ರಶ್ನೆ ಇದು. ನೇರವಾಗಿ ಹೇಳಿಬಿಡುತ್ತೇನೆ. ಆ ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿರುವ ಸೀಟುಗಳಲ್ಲಿ ದೊಡ್ಡ ಪಾಲು ಸ್ಕೂಲು ಕೊಡಿಸಿದ್ದಲ್ಲ, ಮಕ್ಕಳು ಮನೆಯಿಂದಲೇ ತಂದದ್ದು. ನಿಮ್ಮ ಮಗಳಿಗೆ ಅದರಲ್ಲಿ ಎಷ್ಟು ಅನ್ವಯಿಸುತ್ತದೆ ಅನ್ನುವುದನ್ನು ಬೇರೆಯಾಗಿ ಲೆಕ್ಕ ಹಾಕಬೇಕು.

ನಾವು ಬೆಳೆದ ಕಡೆ ಪಿಯುಸಿ ಫಲಿತಾಂಶ ಬಂದ ಮಾರನೇ ದಿನ ಪೇಪರ್ ತುಂಬಾ ಕಾಲೇಜುಗಳ ಜಾಹೀರಾತು, ಸರ್ಕಲ್‌ನಲ್ಲಿ ರ‍್ಯಾಂಕ್ ಬಂದ ಮಕ್ಕಳ ಫೋಟೋ ಹಾಕಿದ ಫ್ಲೆಕ್ಸು. ಅದನ್ನು ನೋಡಿ ಕಾಲೇಜು ಆರಿಸಿ ಅಭ್ಯಾಸ ನಮಗೆ. ಅಲ್ಲಿ ಅದಕ್ಕೆ ಸ್ವಲ್ಪವಾದರೂ ಅರ್ಥ ಇತ್ತು, ಯಾಕೆಂದರೆ ಸಿಇಟಿಯಲ್ಲಿ ರ‍್ಯಾಂಕು ಮತ್ತು ಮೀಸಲಾತಿ ವರ್ಗ ನೋಡಿ ಸೀಟು ಹಂಚುತ್ತಾರೆ, ನಿಮ್ಮಪ್ಪ ಎಲ್ಲಿ ಓದಿದ್ದರು ಅಂತ ಯಾರೂ ಕೇಳುವುದಿಲ್ಲ. ಅಮೆರಿಕದ ದೊಡ್ಡ ಪ್ರೈವೇಟ್ ಕಾಲೇಜುಗಳಲ್ಲಿ ಬಹಳಷ್ಟು ಕಡೆ ಕೇಳುತ್ತಾರೆ. ಅರ್ಜಿಯಲ್ಲೇ ಅದಕ್ಕೆ ಜಾಗ ಇದೆ.

ಅಪ್ಪನೋ ಅಮ್ಮನೋ ಅದೇ ಕಾಲೇಜಿನಲ್ಲಿ ಓದಿದ್ದರೆ ಅದನ್ನು ಲೆಗಸಿ ಅನ್ನುತ್ತಾರೆ. ಜನಾಂಗ ನೋಡಿ ಸೀಟು ಕೊಡುತ್ತಾರೆ ಅಂತ ಹಾರ್ವರ್ಡ್ ಮೇಲೆ ಹಾಕಿದ್ದ ಕೇಸಿನಲ್ಲಿ, ಅಂದರೆ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತಲ್ಲ ಅದರಲ್ಲಿ, ಪ್ರವೇಶದ ಒಳಲೆಕ್ಕ ಹೊರಗೆ ಬಂತು. ಅದನ್ನು ಆಧರಿಸಿ ಅರ್ಥಶಾಸ್ತ್ರಜ್ಞರು ಮಾಡಿದ ಲೆಕ್ಕದ ಪ್ರಕಾರ ಅಲ್ಲಿ ಸೀಟು ಸಿಕ್ಕ ಬಿಳಿಯ ವಿದ್ಯಾರ್ಥಿಗಳಲ್ಲಿ 43%ಗಿಂತ ಜಾಸ್ತಿ ಜನ ಒಂದೋ ಕ್ರೀಡಾಪಟುಗಳು, ಇಲ್ಲಾ ಲೆಗಸಿ, ಇಲ್ಲಾ ಅಲ್ಲಿನ ಅಧ್ಯಾಪಕರ ಮತ್ತು ಸಿಬ್ಬಂದಿಯ ಮಕ್ಕಳು, ಇಲ್ಲಾ ದಾನಿಗಳ ಮಕ್ಕಳಂಥವರು ಇರುವ ಡೀನ್ ಪಟ್ಟಿಯವರು. ಏಷ್ಯನ್ ಮಕ್ಕಳಲ್ಲಿ ಅಂಥವರು 16%ಕ್ಕೂ ಕಡಿಮೆ. ನಮ್ಮವರು ಓದಿದ್ದು ಸುರತ್ಕಲ್‌ನಲ್ಲೋ, ಆರ್‌ವಿಯಲ್ಲೋ, ದಾವಣಗೆರೆಯ ಬಿಡಿಟಿಯಲ್ಲೋ. ನಮ್ಮ ಮಕ್ಕಳಿಗೆ ಈ ದಾರಿ ಹೆಚ್ಚಾಗಿ ಇರುವುದಿಲ್ಲ, ಅಲ್ವಾ?

ಈಗ ಆ ಪಟ್ಟಿಗೆ ವಾಪಸ್ ಬನ್ನಿ. ಹಳೆಯ ಪ್ರೈವೇಟ್ ಸ್ಕೂಲುಗಳಲ್ಲಿ, ಮ್ಯಾಸಚೂಸೆಟ್ಸ್‌ನ ಫಿಲಿಪ್ಸ್ ಅಕಾಡೆಮಿ ಇರಬಹುದು, ನ್ಯೂಯಾರ್ಕಿನ ಟ್ರಿನಿಟಿ ಇರಬಹುದು, ಲಾಸ್ ಏಂಜಲೀಸ್‌ನ ಹಾರ್ವರ್ಡ್-ವೆಸ್ಟ್‌ಲೇಕ್ ಇರಬಹುದು, ಇಂಥ ಮನೆಗಳ ಮಕ್ಕಳು ಜಾಸ್ತಿ. ದೋಣಿ ಹುಟ್ಟು ಹಾಕುವುದು, ಫೆನ್ಸಿಂಗ್, ಸ್ಕ್ವಾಷ್, ಲಕ್ರಾಸ್ ಆಡುವ ಮಕ್ಕಳೂ ಜಾಸ್ತಿ, ಅವರನ್ನು ಕಾಲೇಜಿನ ಕೋಚ್‌ಗಳೇ ಹುಡುಕಿಕೊಂಡು ಬರುತ್ತಾರೆ. ಅಮೆರಿಕದಲ್ಲಿ ಪ್ರೈವೇಟ್ ಸ್ಕೂಲಿನಲ್ಲಿ ಓದುವವರು ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು ಅಷ್ಟೇ. ಆದರೆ ಯೇಲ್, ಪ್ರಿನ್ಸ್‌ಟನ್‌ನಂಥ ಕಡೆ ಹೊಸದಾಗಿ ಸೇರುವವರಲ್ಲಿ ಮೂರನೇ ಒಂದು ಭಾಗದ ಆಸುಪಾಸು ಪಬ್ಲಿಕ್ ಅಲ್ಲದ ಸ್ಕೂಲುಗಳಿಂದ ಬಂದವರು. ಈ ಅಂತರ ನೋಡಿದಾಗ ಸ್ಕೂಲಿನ ಮಹಿಮೆ ಅನ್ನಿಸುತ್ತದೆ. ಅದರಲ್ಲಿ ಎಷ್ಟು ಸ್ಕೂಲಿನದು, ಎಷ್ಟು ಮನೆಯದು ಅಂತ ಪಟ್ಟಿ ಹೇಳುವುದಿಲ್ಲ.

ಹಾಗಂತ ಸ್ಕೂಲಿನಿಂದ ಏನೂ ಉಪಯೋಗವಿಲ್ಲ ಅಂತ ಹೇಳಿದರೆ ಅದೂ ತಪ್ಪಾಗುತ್ತದೆ. ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಗುಂಪಿನ ಎಂಟು ಕಾಲೇಜುಗಳ ಜೊತೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೋ ಸೇರಿಸಿ ಒಟ್ಟು 12 ಕಾಲೇಜುಗಳನ್ನು ಅವರು ನೋಡಿದರು. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ, ದೇಶದ ಅತಿ ಶ್ರೀಮಂತ 1% ಮನೆಗಳ ಮಕ್ಕಳು ಈ ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಪ್ರವೇಶ ಕೊಡುವಾಗ ಆಗುವ ವ್ಯತ್ಯಾಸಕ್ಕೆ ಅವರು ಕೊಟ್ಟ ಕಾರಣ ಮೂರು: ಲೆಗಸಿ, ಕ್ರೀಡೆ, ಮತ್ತು ಓದಿನ ಹೊರಗಿನ ವಿಷಯಗಳಿಗೆ ಕಾಲೇಜು ಕೊಡುವ ರೇಟಿಂಗ್. ಈ ಮೂರನೆಯದರಲ್ಲೇ ಪ್ರೈವೇಟ್ ಸ್ಕೂಲಿನ ಕೈವಾಡ ಕಾಣುವುದು. ಮಗುವಿನ ಚಟುವಟಿಕೆಗಳು, ಟೀಚರ್ ಪತ್ರ, ಕೌನ್ಸೆಲರ್ ಪತ್ರ ಎಲ್ಲ ಅದರೊಳಗೆ ಬರುತ್ತದೆ.

ಕೌನ್ಸೆಲರ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಊರಿನ ಸ್ಕೂಲುಗಳಲ್ಲಿ ಅಂಥ ಹುದ್ದೆಯೇ ಇರಲಿಲ್ಲವಾದ್ದರಿಂದ ನಾವು ಅದನ್ನು ಲಘುವಾಗಿ ತೆಗೆದುಕೊಳ್ಳುತ್ತೇವೆ. ಹೈಸ್ಕೂಲಿನಿಂದ ಪ್ರತಿ ಮಗುವಿನ ಬಗ್ಗೆ ಕಾಲೇಜಿಗೆ ಪತ್ರ ಬರೆಯುವವರು ಇವರೇ. ಮಾರ್ಕ್ಸ್ ಹನ್ನೊಂದನೇ ಕ್ಲಾಸಿನಲ್ಲಿ ಯಾಕೆ ಇಳಿಯಿತು, ಅಜ್ಜಿಗೆ ಹುಷಾರಿಲ್ಲದಾಗ ಮನೆ ಹೇಗೆ ನಡೆಯಿತು, ಹುಡುಗಿ ಲ್ಯಾಬಿನಲ್ಲಿ ಒಬ್ಬಳೇ ಕೂತು ಏನು ಮಾಡಿದಳು, ಇದೆಲ್ಲ ಗೊತ್ತಿರುವವರು ಬರೆದ ಪತ್ರಕ್ಕೂ ಹೆಸರು ಮಾತ್ರ ಗೊತ್ತಿರುವವರು ಬರೆದ ಪತ್ರಕ್ಕೂ ಅಜಗಜಾಂತರ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಸಾಕು ಅಂತ ಅಲ್ಲಿನ ಕೌನ್ಸೆಲರ್‌ಗಳ ಸಂಘವೇ ಹೇಳುತ್ತದೆ. ದೇಶದ ಪಬ್ಲಿಕ್ ಸ್ಕೂಲುಗಳ ಸರಾಸರಿ ಅದಕ್ಕಿಂತ ಎಷ್ಟೋ ಜಾಸ್ತಿ. ದುಬಾರಿ ಪ್ರೈವೇಟ್ ಸ್ಕೂಲಿನಲ್ಲಿ ಕಾಲೇಜು ಅರ್ಜಿಗೆಂದೇ ಬೇರೆ ಕೌನ್ಸೆಲರ್‌ಗಳಿರುತ್ತಾರೆ, ಒಬ್ಬೊಬ್ಬರಿಗೆ ಸಿಗುವ ಮಕ್ಕಳು ಬಹಳ ಕಡಿಮೆ. ನೀವು ಕಟ್ಟುವ ಫೀಸಿನಲ್ಲಿ ಕಾಲೇಜಿನ ಮಟ್ಟಿಗೆ ನಿಜಕ್ಕೂ ಸಿಗುವ ವಸ್ತು ಇದು.

ಇದರ ಇನ್ನೊಂದು ಮುಖ ಯಾರೂ ಹೇಳುವುದಿಲ್ಲ. ಆ ಸ್ಕೂಲಿನಲ್ಲಿ ನಿಮ್ಮ ಮಗಳ ಹಾಗೇ ಜಾಣ ಮಕ್ಕಳು ಕ್ಲಾಸು ತುಂಬಾ ಇರುತ್ತಾರೆ, ಅವರೆಲ್ಲ ಅದೇ ಹದಿನೈದು ಇಪ್ಪತ್ತು ಕಾಲೇಜುಗಳಿಗೇ ಅರ್ಜಿ ಹಾಕುತ್ತಾರೆ. ಕಾಲೇಜಿನವರು ಒಂದು ಸ್ಕೂಲಿನ ಅರ್ಜಿಗಳನ್ನು ಸಾಮಾನ್ಯವಾಗಿ ಆ ಭಾಗ ನೋಡಿಕೊಳ್ಳುವ ಒಬ್ಬ ಅಧಿಕಾರಿಯ ಕೈಗೆ ಕೊಡುತ್ತಾರೆ, ಹಾಗಾಗಿ ಹೋಲಿಕೆ ತಾನಾಗಿಯೇ ಆಗುತ್ತದೆ. ಪ್ರಿನ್ಸ್‌ಟನ್‌ನ ಥಾಮಸ್ ಎಸ್ಪೆನ್‌ಶೇಡ್ ಮತ್ತು ಸಂಗಡಿಗರು 2005ರಲ್ಲೇ ಇದನ್ನು ಲೆಕ್ಕ ಹಾಕಿದ್ದರು. ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ, ತುಂಬಾ ಜಾಣರಿರುವ ಸ್ಕೂಲಿನಲ್ಲಿ ಓದಿದ ಮಗುವಿಗೆ ಅವಕಾಶ ಸ್ವಲ್ಪ ಕಡಿಮೆ ಆಗುತ್ತದೆ ಅಂತ ಅವರಿಗೆ ಕಂಡಿತು.

ನ್ಯೂಯಾರ್ಕಿನ ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್ ಪ್ರೈವೇಟ್ ಅಲ್ಲ, ಪರೀಕ್ಷೆ ಬರೆದು ಸೇರುವ ಪಬ್ಲಿಕ್ ಸ್ಕೂಲುಗಳು. ಆದರೂ ಅಲ್ಲಿ ಸಿಕ್ಕ ಫಲಿತಾಂಶ ನಿಮಗೆ ಉಪಯೋಗಕ್ಕೆ ಬರುತ್ತದೆ. ಕಟ್ಆಫ್‌ಗಿಂತ ಒಂದೆರಡು ಅಂಕ ಮೇಲೆ ಬಂದು ಸೇರಿದವರನ್ನು, ಒಂದೆರಡು ಅಂಕ ಕಡಿಮೆಯಾಗಿ ಬೇರೆ ಸ್ಕೂಲಿಗೆ ಹೋದವರ ಜೊತೆ ಸಂಶೋಧಕರು ಹೋಲಿಸಿದರು. ಮುಂದೆ ಎಸ್‌ಎಟಿಯಲ್ಲಾಗಲಿ ಕಾಲೇಜಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಮಕ್ಕಳು ಎಲ್ಲಿದ್ದರೂ ಓದುತ್ತಿದ್ದರು.

ನೀವು ಕ್ಯಾಲಿಫೋರ್ನಿಯಾದಲ್ಲಿರುವುದರಿಂದ ಇನ್ನೊಂದು ದೊಡ್ಡ ವಿಷಯ ಇದೆ, ಅದು ಯುಸಿ, ಅಂದರೆ ರಾಜ್ಯದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಸೇರಿ ಪದವಿ ಕೊಡುವ ಒಂಬತ್ತು ಕ್ಯಾಂಪಸ್. ನಮ್ಮ ಮನೆಗಳ ಎಷ್ಟೋ ಮಕ್ಕಳು ಕೊನೆಗೆ ಸೇರುವುದು ಇಲ್ಲಿಗೇ, ಅದಕ್ಕೆ ಬೇಜಾರು ಪಡುವ ಕಾರಣ ಒಂದೂ ಇಲ್ಲ. ಯುಸಿ ಲೆಗಸಿ ನೋಡುವುದಿಲ್ಲ. ಎಸ್‌ಎಟಿ ಅಂಕವನ್ನೂ ಪ್ರವೇಶಕ್ಕೆ ನೋಡುವುದಿಲ್ಲ. ಸಾಮಾನ್ಯವಾಗಿ ಕೌನ್ಸೆಲರ್ ಪತ್ರವನ್ನೂ ಕೇಳುವುದಿಲ್ಲ. ಹತ್ತು ಮತ್ತು ಹನ್ನೊಂದನೇ ಕ್ಲಾಸಿನ ಗ್ರೇಡುಗಳನ್ನು ತನ್ನದೇ ರೀತಿಯಲ್ಲಿ ಲೆಕ್ಕ ಹಾಕುತ್ತದೆ, ಮಗು ತನ್ನ ಸ್ಕೂಲಿನಲ್ಲಿ ಸಿಗುವ ಅವಕಾಶದೊಳಗೆ ಏನು ಮಾಡಿದೆ ಅಂತ ನೋಡುತ್ತದೆ, ನಾಲ್ಕು ಸಣ್ಣ ಉತ್ತರಗಳನ್ನು ಬರೆಸುತ್ತದೆ. ಇದರ ಜೊತೆಗೆ ಈ ಯೋಜನೆಯಲ್ಲಿ ಸೇರಿಕೊಂಡಿರುವ ರಾಜ್ಯದ ಪ್ರತಿ ಸ್ಕೂಲಿನ ಮೇಲಿನ 9% ಮಕ್ಕಳನ್ನು ಬೇರೆಯಾಗಿ ಗುರುತಿಸುತ್ತದೆ. ಅದರಲ್ಲಿ ಬಂದ ಮಾತ್ರಕ್ಕೆ ಬರ್ಕ್ಲಿ ಗ್ಯಾರಂಟಿ ಅಲ್ಲ, ಜಾಗ ಇರುವ ಯಾವುದೋ ಒಂದು ಕ್ಯಾಂಪಸ್ ಸಿಗುತ್ತದೆ ಅಷ್ಟೆ. ಆದರೆ ಎಲ್ಲರೂ ಓದುವ ಸ್ಕೂಲಿನಲ್ಲಿ ಆ 9%ರೊಳಗೆ ಬರುವುದು ಎಷ್ಟು ಕಷ್ಟ ಅಂತ ಯೋಚಿಸಿ. ಗ್ರೇಡು ಬಿಗಿಯಾಗಿ ಕೊಡುವ ಪ್ರೈವೇಟ್ ಸ್ಕೂಲಿನಲ್ಲಿ ಬಿ ಬಂದರೆ ಯುಸಿಯಲ್ಲಿ ಅದು ಬಿಯೇ. ಅಂದರೆ ಯುಸಿಯೇ ಗುರಿ ಆದರೆ, ಫೀಸು ಕೊಟ್ಟು ನೀವು ಪಡೆಯುವ ಪತ್ರ ಅಲ್ಲಿ ಓದಿಸಿಕೊಳ್ಳುವುದೇ ಇಲ್ಲ. (ಟೆಕ್ಸಾಸ್‌ನಲ್ಲಿರುವವರಿಗೆ ಇದು ಇನ್ನೂ ನೇರ: ಅಲ್ಲಿ 1997ರಿಂದ ಸ್ಕೂಲಿನೊಳಗಿನ ಸ್ಥಾನ ನೋಡಿಯೇ ರಾಜ್ಯದ ಯೂನಿವರ್ಸಿಟಿಗೆ ಸೇರಿಸಿಕೊಳ್ಳುವ ಕಾನೂನಿದೆ.)

ದುಡ್ಡಿನ ಲೆಕ್ಕವನ್ನೂ ಎದುರಿಗೆ ಇಟ್ಟುಕೊಳ್ಳಿ. ವರ್ಷಕ್ಕೆ 60 ಸಾವಿರ ಅಂದರೆ ನಾಲ್ಕು ವರ್ಷಕ್ಕೆ 2 ಲಕ್ಷ 40 ಸಾವಿರ ಡಾಲರ್, ಅದೂ ಕಾಲೇಜು ಶುರುವಾಗುವುದಕ್ಕೆ ಮೊದಲೇ. ಯುಸಿಯಲ್ಲಿ ರಾಜ್ಯದ ನಿವಾಸಿಗಳಿಗೆ ಟ್ಯೂಷನ್ ಫೀಸು ವರ್ಷಕ್ಕೆ 15 ಸಾವಿರ ಡಾಲರ್ ಆಸುಪಾಸು, ಊಟ ವಸತಿ ಬೇರೆ. ಹೈಸ್ಕೂಲಿಗೆ ಇದ್ದಬದ್ದ ಉಳಿತಾಯ ಸುರಿದು, ಆಮೇಲೆ ಮಗಳಿಗೆ ಇಷ್ಟವಾದ ಕಾಲೇಜು ಸಿಕ್ಕಾಗ ಸಾಲ ಮಾಡುವ ಪರಿಸ್ಥಿತಿ ಬರಬಾರದು. ಇನ್ನೂ ಗ್ರೀನ್ ಕಾರ್ಡ್ ಬಂದಿಲ್ಲ, ಮಗಳು ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಇದ್ದಾಳೆ ಅಂದರೆ ಇದು ಇನ್ನೂ ಗಂಭೀರ. ಅಂಥ ಮಕ್ಕಳಿಗೆ ಫೆಡರಲ್ ಸರ್ಕಾರದ ಕಾಲೇಜು ಸಹಾಯಧನ ಸಿಗುವುದಿಲ್ಲ, 21 ತುಂಬಿದರೆ ಆ ವೀಸಾ ಕೂಡ ಮುಗಿಯುತ್ತದೆ.

ಹಾಗಾದರೆ ಪ್ರೈವೇಟ್ ಸ್ಕೂಲು ಯಾವಾಗ ಸರಿ? ಹತ್ತಿರದ ಪಬ್ಲಿಕ್ ಸ್ಕೂಲು ದೊಡ್ಡದಾಗಿ, ಮಗು ಮಾತು ಕಡಿಮೆಯಾಗಿ, ಅಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ ಅನ್ನಿಸಿದರೆ ಸರಿ. ಅವಳಿಗೆ ಇಷ್ಟವಾದ ವಿಷಯ, ಲ್ಯಾಟಿನ್ನೋ ನಾಟಕವೋ ಮೇಲಿನ ಹಂತದ ಗಣಿತವೋ, ಅಲ್ಲಿ ಮಾತ್ರ ಸಿಗುವುದಾದರೆ ಸರಿ. ಕಾಲೇಜು ಏನೇ ಆಗಲಿ ಈ ನಾಲ್ಕು ವರ್ಷಕ್ಕೆ ಇಷ್ಟು ಕೊಡಬಹುದು, ಮನೆಗೆ ತೊಂದರೆ ಇಲ್ಲ ಅಂತ ಇಬ್ಬರಿಗೂ ಅನ್ನಿಸಿದರೆ ಸರಿ. ಪಟ್ಟಿ ನೋಡಿ ಸೇರಿಸುವುದಾದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಬೇ ಏರಿಯಾದ ಪ್ರೈವೇಟ್ ಹೈಸ್ಕೂಲುಗಳಿಗೆ ಅರ್ಜಿ ಹಾಕಲು ಕೊನೆ ದಿನ ಸಾಮಾನ್ಯವಾಗಿ ಜನವರಿ ಸುಮಾರಿಗೆ ಬರುತ್ತದೆ. ಅದಕ್ಕೆ ಮೊದಲು ಓಪನ್ ಹೌಸ್‌ಗೆ ಹೋಗಿ, ಸಂಕೋಚ ಬಿಟ್ಟು ಕೇಳಿ. ಪಟ್ಟಿಯಲ್ಲಿರುವುದು ಒಂದು ವರ್ಷದ್ದಾ, ಐದು ವರ್ಷದ್ದಾ? ಮಕ್ಕಳು ನಿಜವಾಗಿ ಸೇರಿದ ಕಾಲೇಜುಗಳಾ, ಇಲ್ಲಾ ಸೀಟು ಸಿಕ್ಕಿದ ಕಾಲೇಜುಗಳೆಲ್ಲವಾ? ಎರಡನೆಯದಾದರೆ ಒಂದೇ ಮಗು ಆರು ಕಡೆ ಲೆಕ್ಕಕ್ಕೆ ಬಂದಿರಬಹುದು. ಒಬ್ಬ ಕೌನ್ಸೆಲರ್‌ಗೆ ಎಷ್ಟು ಮಕ್ಕಳು? ಹಳೆಯ ವಿದ್ಯಾರ್ಥಿಗಳ ಗ್ರೇಡು ಮತ್ತು ಅಂಕಗಳನ್ನು ಚುಕ್ಕಿಗಳಾಗಿ ತೋರಿಸುವ ಚಾರ್ಟು ಇದ್ದರೆ, ಅದರಲ್ಲಿ ಲೆಗಸಿ ಮತ್ತು ಕ್ರೀಡಾಪಟುಗಳನ್ನು ಬೇರೆ ಮಾಡಿ ತೋರಿಸುತ್ತಾರಾ? ಎಲ್ಲಕ್ಕಿಂತ ಮುಖ್ಯವಾಗಿ, ಕ್ಲಾಸಿನ ಮೇಲಿನ ಐದಾರು ಮಕ್ಕಳನ್ನು ಬಿಟ್ಟು ನಡುವಿನಲ್ಲಿದ್ದವರು ಎಲ್ಲಿ ಸೇರಿದರು ಅಂತ ಕೇಳಿ. ಅಂಥ ಸ್ಕೂಲಿನಲ್ಲಿ ಎಷ್ಟೇ ಜಾಣೆಯಾದರೂ ನಿಮ್ಮ ಮಗಳೂ ಆ ನಡುವಿನ ಗುಂಪಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಆ ಕಾಲೇಜುಗಳ ಹೆಸರು ಕೇಳಿದ ಮೇಲೂ ನಿಮಗಿಬ್ಬರಿಗೂ ಆ ಸ್ಕೂಲು ಬೇಕು ಅನ್ನಿಸಿದರೆ ಅರ್ಜಿ ಹಾಕಿ.