ಮತ್ಸ್ಯಕನ್ಯೆಗೆ ಮೀನಿನ ಬಾಲ ಬಂದದ್ದು ಯಾವಾಗ?

ಮತ್ಸ್ಯಕನ್ಯೆ ಅಂದ ಕೂಡಲೇ ಎಲ್ಲರ ಕಣ್ಣಿಗೂ ಒಂದೇ ರೂಪ ಕಟ್ಟುತ್ತದೆ. ಸೊಂಟದವರೆಗೆ ಹೆಣ್ಣು, ಕೆಳಗೆ ಮೀನು, ಉದ್ದ ಕೂದಲು, ಕೈಯಲ್ಲಿ ಬಾಚಣಿಗೆ. ಯುರೋಪಿನ ಹಳ್ಳಿಗಳಲ್ಲಿ ಈಕೆಯ ಕಥೆಯನ್ನು ಅನಾದಿ ಕಾಲದಿಂದ ಹೀಗೇ ಹೇಳಿಕೊಂಡು ಬಂದಿದ್ದಾರೆ ಅಂತ ನಾವು ಅಂದುಕೊಂಡುಬಿಡುತ್ತೇವೆ. ಆದರೆ ಅಲ್ಲಿನ ಹಳ್ಳಿಗರು ನಿಜಕ್ಕೂ ಹೆದರುತ್ತಿದ್ದ ಎಷ್ಟೋ ನೀರಿನ ದೆವ್ವಗಳಿಗೆ ಮೀನಿನ ಬಾಲವೇ ಇರಲಿಲ್ಲ. ಬಾಲದ ಸುಂದರಿ ಬೆಳೆದದ್ದು ಜಾಸ್ತಿ ಪುಸ್ತಕಗಳಲ್ಲಿ ಮತ್ತು ಚರ್ಚಿನ ಕೆತ್ತನೆಗಳಲ್ಲಿ.

ಮೊದಲು ಗ್ರೀಸ್‌ಗೆ ಹೋಗೋಣ. ಹೋಮರನ ಒಡಿಸ್ಸಿ ಮಹಾಕಾವ್ಯದಲ್ಲಿ ಹಾಡಿನಿಂದಲೇ ನಾವಿಕರನ್ನು ಸೆಳೆದು ಕೊಲ್ಲುವ ಸೈರನ್‌ಗಳು ಬರುತ್ತಾರೆ. ಕಥಾನಾಯಕ ಒಡಿಸ್ಸಿಯಸ್ ಜೊತೆಯವರ ಕಿವಿಗೆ ಮೇಣ ತುಂಬಿ, ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡು ಆ ಹಾಡು ಕೇಳುತ್ತಾನೆ. ಅವರು ನೋಡಲು ಹೇಗಿದ್ದರು ಅಂತ ಹೋಮರ್ ಒಂದು ಮಾತೂ ಹೇಳುವುದಿಲ್ಲ. ಗ್ರೀಕ್ ಕುಂಬಾರರಿಗೆ ಮಾತ್ರ ಅನುಮಾನ ಇರಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ರಿ.ಪೂ. 480ರ ಆಸುಪಾಸಿನ ಒಂದು ಹೂಜಿ ಇದೆ. ನಡುವೆ ಕಂಬಕ್ಕೆ ಬಿಗಿದ ಒಡಿಸ್ಸಿಯಸ್. ಅಕ್ಕಪಕ್ಕದ ಬಂಡೆಗಳ ಮೇಲೆ ಸೈರನ್‌ಗಳು. ಒಬ್ಬಳು ತಲೆಕೆಳಗಾಗಿ ಸಮುದ್ರಕ್ಕೆ ಬೀಳುತ್ತಿದ್ದಾಳೆ. ಮುಖ ಹೆಣ್ಣಿನದು, ಮೈಯೆಲ್ಲ ಹಕ್ಕಿಯದು. ಮೀನಿನ ಸುಳಿವೇ ಇಲ್ಲ. ಹಾಡುವವರು ಹಕ್ಕಿಯ ಹಾಗಿರುವುದೇ ಸಹಜ ಅಲ್ವಾ? ಮೀನು ಎಲ್ಲಿ ಹಾಡುತ್ತದೆ!

ಸೈರನ್‌ಗೆ ಮೀನಿನ ಬಾಲ ಇದೆ ಅಂತ ಬರೆದಿಟ್ಟ ತೀರಾ ಹಳೆಯ ಪುಸ್ತಕಗಳಲ್ಲಿ ಒಂದು, ಕ್ರಿ.ಶ. 700ರ ಆಸುಪಾಸಿನ ‘ಲಿಬೆರ್ ಮಾನ್‌ಸ್ಟ್ರೋರಮ್’. ಲ್ಯಾಟಿನ್‌ನಲ್ಲಿರುವ ಈ ಪುಸ್ತಕ ವಿಚಿತ್ರ ಜೀವಿಗಳ ಪಟ್ಟಿ. ಸೈರನ್‌ಗಳು ಹೊಕ್ಕುಳವರೆಗೆ ಹುಡುಗಿಯರು, ಕೆಳಗೆ ಹುರುಪೆಯ ಬಾಲ ಅಂತ ಅದರಲ್ಲಿದೆ. ಆದರೂ ಹಕ್ಕಿ ಅಷ್ಟು ಸುಲಭವಾಗಿ ಜಾಗ ಬಿಡಲಿಲ್ಲ. ಮುಂದಿನ ಕೆಲವು ಶತಮಾನಗಳ ಪ್ರಾಣಿಪುಸ್ತಕಗಳಲ್ಲಿ ಎರಡೂ ರೂಪ ಸಿಗುತ್ತವೆ. ಕೆಲವು ಹಸ್ತಪ್ರತಿಗಳಲ್ಲಂತೂ ಬರಹ ‘ಹಕ್ಕಿ’ ಅನ್ನುತ್ತದೆ, ಪಕ್ಕದ ಚಿತ್ರದಲ್ಲಿ ಬಾಲ ಇರುತ್ತದೆ. ಬರೆದವನೂ ಚಿತ್ರ ಬಿಡಿಸಿದವನೂ ಮಾತಾಡಿಕೊಂಡಿರಲಿಲ್ಲವೋ ಏನೋ.

ಈ ಬದಲಾವಣೆಯನ್ನು ಪೋಲೆಂಡಿನ ರಾಜಧಾನಿ ವಾರ್ಸಾದ ಲಾಂಛನದಲ್ಲಿ ಚೆನ್ನಾಗಿ ನೋಡಬಹುದು. ಇವತ್ತು ಆ ಊರಿನ ಗುರುತು ಕತ್ತಿ, ಗುರಾಣಿ ಹಿಡಿದ ಮತ್ಸ್ಯಕನ್ಯೆ. ಆದರೆ 14ನೇ ಶತಮಾನದ ಕೊನೆಯ ಮುದ್ರೆಗಳಲ್ಲಿ ಇದ್ದದ್ದು ಹಕ್ಕಿಯ ಕಾಲಿನ, ಡ್ರ್ಯಾಗನ್ನಿನಂಥ ಮೈಯ ಒಂದು ಪ್ರಾಣಿ. ತಲೆಮಾರಿನಿಂದ ತಲೆಮಾರಿಗೆ ಅದು ಸ್ವಲ್ಪ ಸ್ವಲ್ಪವೇ ಬದಲಾಗಿ ಹೆಣ್ಣಾಯಿತು, ಮೀನಾಯಿತು.

ಚರ್ಚಿಗೆ ಈ ಬಾಲದ ಸುಂದರಿ ತುಂಬಾ ಉಪಯೋಗಕ್ಕೆ ಬಂದಳು. ಕೈಗೆ ಕನ್ನಡಿ, ಬಾಚಣಿಗೆ ಕೊಟ್ಟರೆ ಸೌಂದರ್ಯದ ಜಂಭವನ್ನೂ ಕಾಮದ ಸೆಳೆತವನ್ನೂ ಒಟ್ಟಿಗೆ ತೋರಿಸಬಹುದು. ಓದು ಬಾರದ ಜನರಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕೆ? ಇಂಗ್ಲೆಂಡಿನ ಕಾರ್ನ್‌ವಾಲ್‌ನ ಝೆನ್ನರ್ ಎಂಬ ಪುಟ್ಟ ಊರಿನ ಚರ್ಚಿನಲ್ಲಿ, ಮರದ ಬೆಂಚಿನ ಬದಿಯ ಮೇಲೆ ಇಂಥವಳೊಬ್ಬಳಿದ್ದಾಳೆ. ಕೆತ್ತನೆ ಸುಮಾರು 15ನೇ ಶತಮಾನದ್ದು. ಚರ್ಚಿನಲ್ಲಿ ಸೊಗಸಾಗಿ ಹಾಡುತ್ತಿದ್ದ ಮ್ಯಾಥ್ಯೂ ಟ್ರೆವೆಲ್ಲಾ ಎಂಬ ಹುಡುಗನನ್ನು ಮೆಚ್ಚಿ ಮತ್ಸ್ಯಕನ್ಯೆ ಸಮುದ್ರಕ್ಕೆ ಕರೆದುಕೊಂಡು ಹೋದಳು ಅಂತ ಊರಿನವರ ಕಥೆ. ಇಲ್ಲಿ ಹಾಡುವವನು ಗಂಡು, ಮರುಳಾಗುವವಳು ಅವಳು. ಈ ಕಥೆ ಮೊದಲು ಅಚ್ಚಾದದ್ದು 1873ರಲ್ಲಿ. ಕೆತ್ತನೆಗೂ ಅಚ್ಚಿಗೂ ನಡುವೆ ಸುಮಾರು 400 ವರ್ಷ. ನನಗಂತೂ ಕಥೆ ಕೇಳಿ ಕೆತ್ತಿದ್ದಲ್ಲ, ಕೆತ್ತನೆ ನೋಡಿ ನೋಡಿಯೇ ಕಥೆ ಹುಟ್ಟಿದ್ದು ಅನ್ನಿಸುತ್ತದೆ.

1493ರ ಜನವರಿಯಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳ ಬಳಿ ಕಡಲಿನಲ್ಲಿ ಮೂರು ಮತ್ಸ್ಯಕನ್ಯೆಯರನ್ನು ಕಂಡದ್ದಾಗಿ ದಿನಚರಿ ಹೇಳುತ್ತದೆ. ಚಿತ್ರದಲ್ಲಿ ಬರೆಯುವಷ್ಟು ಚೆಂದ ಇರಲಿಲ್ಲವಂತೆ. ಅವನು ನೋಡಿದ್ದು ಮನಾಟಿ ಎಂಬ ಕಡಲಹಸುಗಳನ್ನು ಇರಬೇಕು. ಅಂದರೆ ಅಷ್ಟು ಹೊತ್ತಿಗೆ ಚಿತ್ರ ತಲೆಯಲ್ಲಿ ಕೂತಾಗಿತ್ತು, ಕಣ್ಣು ಅದನ್ನೇ ಹುಡುಕುತ್ತಿತ್ತು.

ಈಗ ಹಳ್ಳಿಗಳ ಕಡೆ ಬರೋಣ. ಇಲ್ಲಿ ಲೋಕವೇ ಬೇರೆ. ರಷ್ಯಾ, ಉಕ್ರೇನ್ ಕಡೆಯ ರುಸಾಲ್ಕಾ ನೀರಿನಲ್ಲಿ ಮುಳುಗಿ ಸತ್ತ ಹುಡುಗಿ, ಅಥವಾ ಬ್ಯಾಪ್ಟಿಸಂ (ಕ್ರೈಸ್ತರ ದೀಕ್ಷಾಸ್ನಾನ) ಆಗದೆ ಸತ್ತ ಮಗು. ಆಯಸ್ಸು ಮುಗಿಯುವ ಮೊದಲೇ ಸತ್ತವರಿಗೆ ನೆಮ್ಮದಿ ಇಲ್ಲ, ಅವರು ಅಲೆಯುತ್ತಾರೆ ಅನ್ನುವ ನಂಬಿಕೆ. ಜಾನಪದ ವಿದ್ವಾಂಸ ದ್ಮಿತ್ರಿ ಝೆಲೆನಿನ್ 1916ರಲ್ಲಿ ಇದನ್ನೇ ಹಿಡಿದು ಒಂದು ದೊಡ್ಡ ಪುಸ್ತಕ ಬರೆದರು. ಬೇಸಿಗೆಯ ಶುರುವಿನಲ್ಲಿ, ಕ್ರೈಸ್ತರ ಟ್ರಿನಿಟಿ ಹಬ್ಬದ ಆಸುಪಾಸು, ರುಸಾಲ್ಕಾಗಳ ವಾರ. ಆಗ ಅವರು ನೀರು ಬಿಟ್ಟು ಹೊಲಕ್ಕೆ, ಕಾಡಿಗೆ ಬರುತ್ತಾರೆ. ಮರದ ಕೊಂಬೆಗಳಲ್ಲಿ ಜೋಕಾಲಿ ಆಡುತ್ತಾರೆ. ಒಂಟಿಯಾಗಿ ಸಿಕ್ಕವರಿಗೆ ಕಚಗುಳಿ ಇಟ್ಟು ಇಟ್ಟೇ ಕೊಲ್ಲುತ್ತಾರೆ. ಆ ವಾರ ಹೊಳೆಗಿಳಿಯುವುದು ಬೇಡ ಅಂತ ಹಿರಿಯರು ಹೇಳುತ್ತಿದ್ದರು. ಬಾಲ ಇದ್ದರೆ ಮರ ಹತ್ತುವುದು ಹೇಗೆ?

ಚೆಕ್ ನಾಡಿನ ನೀರಿನ ದೆವ್ವ ವೋದ್‌ನಿಕ್ ಗಂಡಸು. ಹಸಿರು ಕೋಟು, ಅದರ ಅಂಚಿನಿಂದ ಸದಾ ತೊಟ್ಟಿಕ್ಕುವ ನೀರು. ಪೇಟೆಯಲ್ಲಿ ಜನರ ನಡುವೆ ಓಡಾಡಿದರೂ ಈ ಒದ್ದೆ ಅಂಚಿನಿಂದ ಸಿಕ್ಕಿಬೀಳುತ್ತಾನೆ. ಮುಳುಗಿಸಿದವರ ಆತ್ಮಗಳನ್ನು ನೀರಿನಡಿಯ ಮನೆಯಲ್ಲಿ, ಮುಚ್ಚಳ ಹಾಕಿದ ಮಡಕೆಗಳಲ್ಲಿ ಜೋಡಿಸಿಡುತ್ತಾನೆ. ಯಾರಾದರೂ ಮುಚ್ಚಳ ಎತ್ತಿದರೆ ಆತ್ಮ ಪಾರು.

ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಜೆನ್ನಿ ಗ್ರೀನ್‌ಟೀತ್ ಎಂಬ ಹಸಿರು ಹಲ್ಲಿನ ಮುದುಕಿ. ಇವಳ ಗುಟ್ಟು ಸರಳ. ನಿಂತ ನೀರಿನ ಮೇಲೆ ಸಣ್ಣ ಎಲೆಯ ಪಾಚಿಯಂಥ ಗಿಡ ದಟ್ಟವಾಗಿ ಹಬ್ಬಿದರೆ ಕೆರೆ ಹುಲ್ಲುಗಾವಲಿನ ಹಾಗೆ ಕಾಣುತ್ತದೆ. ಮಗು ಕಾಲಿಟ್ಟರೆ ಮುಗಿಯಿತು. ಮೇಲಿನ ಹಸಿರು ಮತ್ತೆ ಕೂಡಿಕೊಳ್ಳುತ್ತದೆ, ಬಿದ್ದ ಗುರುತೂ ಉಳಿಯುವುದಿಲ್ಲ. ಅಲ್ಲಿನ ಜನ ಆ ಗಿಡವನ್ನೂ ಇದೇ ಹೆಸರಿನಿಂದ ಕರೆಯುತ್ತಿದ್ದರು. ‘ಕೆರೆ ಹತ್ತಿರ ಹೋಗಬೇಡ’ ಅಂದರೆ ಯಾವ ಮಗು ಕೇಳುತ್ತದೆ? ‘ಜೆನ್ನಿ ಎಳೀತಾಳೆ’ ಅಂದರೆ ಕೇಳುತ್ತದೆ.

ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳಲ್ಲಿ ಸೆಲ್ಕಿಗಳು. ಇವು ಸೀಲ್ ಪ್ರಾಣಿಗಳು. ದಡಕ್ಕೆ ಬಂದು ಚರ್ಮ ಕಳಚಿದರೆ ಮನುಷ್ಯರು. ಒಬ್ಬ ರೈತ ಚರ್ಮ ಬಚ್ಚಿಟ್ಟು ಹೆಣ್ಣನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಚರ್ಮ ಸಿಗುತ್ತದೆ, ಅವಳು ಹೊರಟೇ ಹೋಗುತ್ತಾಳೆ. ಆರ್ಕ್ನಿಯಲ್ಲಿ ಕೆಲವು ಮನೆತನದವರ ಅಂಗೈ ಚರ್ಮ ದಪ್ಪಗೆ, ಕೊಂಬಿನ ಹಾಗೆ ಗಟ್ಟಿಯಾಗಿರುತ್ತಿತ್ತು. ಅದಕ್ಕೆ ಜನ ಕೊಡುತ್ತಿದ್ದ ಕಾರಣ, ಅವರ ಹಿರಿಯರಲ್ಲಿ ಯಾರೋ ಸೆಲ್ಕಿ ಇದ್ದರು ಅಂತ.

ಹಾಗಾದರೆ ಪ್ರೀತಿಗಾಗಿ ಸಂಕಟಪಡುವ ಮತ್ಸ್ಯಕನ್ಯೆ ಎಲ್ಲಿಂದ ಬಂದಳು? ಅವಳ ಅಜ್ಜ ಒಬ್ಬ ವೈದ್ಯ. ಸ್ವಿಸ್ ವೈದ್ಯ ಪ್ಯಾರಸೆಲ್ಸಸ್ ಪ್ರಕೃತಿಯ ಜೀವಿಗಳ ಬಗ್ಗೆ ಬರೆದ ಪುಸ್ತಕ, ಅವನು ಸತ್ತು 25 ವರ್ಷದ ಮೇಲೆ, 1566ರಲ್ಲಿ ಅಚ್ಚಾಯಿತು. ನೀರಿನ ಹೆಂಗಸರಿಗೆ ಮನುಷ್ಯರಂತೆಯೇ ಮೈ ಇದೆ, ಆತ್ಮ ಮಾತ್ರ ಇಲ್ಲ, ಮನುಷ್ಯನನ್ನು ಮದುವೆಯಾದರೆ ಆತ್ಮ ಸಿಗುತ್ತದೆ ಅನ್ನುವುದು ಅವನ ವಾದ. ಇದನ್ನೇ ಹಿಡಿದು ಜರ್ಮನ್ ಲೇಖಕ ಫೂಕೆ 1811ರಲ್ಲಿ ‘ಉಂಡೀನೆ’ ಕಥೆ ಬರೆದ. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್‌ಗೆ ಆ ಷರತ್ತು ಹಿಡಿಸಲಿಲ್ಲ. ಆತ್ಮ ಸಿಗುವುದು ಇನ್ನೊಬ್ಬರ ಪ್ರೀತಿಯ ಮೇಲೆ ನಿಂತಿರಬಾರದು ಅನ್ನುವುದು ಅವನ ನಿಲುವು. ಹಾಗಾಗಿ 1837ರ ಅವನ ಪುಟ್ಟ ಮತ್ಸ್ಯಕನ್ಯೆಗೆ ರಾಜಕುಮಾರ ಸಿಗುವುದಿಲ್ಲ. ಅವಳು ಗಾಳಿಯ ಮಗಳಾಗುತ್ತಾಳೆ, 300 ವರ್ಷ ಒಳ್ಳೆಯ ಕೆಲಸ ಮಾಡಿ ಆತ್ಮವನ್ನು ತಾನೇ ಗಳಿಸಬೇಕು. ಮುಂದೆ ಬಂದ ಕಾರ್ಟೂನ್‌ಗಳು ಸುಮ್ನೆ ಮದುವೆ ಮಾಡಿಸಿಬಿಟ್ಟವು.

ಕೋಪನ್‌ಹೇಗನ್ ಬಂದರಿನಲ್ಲಿ ಇವಳ ಕಂಚಿನ ಪ್ರತಿಮೆ 1913ರಿಂದ ಕೂತಿದೆ. ಎತ್ತರ 1.25 ಮೀಟರ್ ಮಾತ್ರ. ಹತ್ತಿರ ಹೋಗಿ ನೋಡಿದರೆ ಅದಕ್ಕೆ ಪೂರ್ತಿ ಬಾಲವಿಲ್ಲ. ತೊಡೆ, ಮೊಣಕಾಲು ಮನುಷ್ಯರದ್ದೇ, ಮೀನಿನ ಈಜುರೆಕ್ಕೆ ಶುರುವಾಗುವುದು ಅದರ ಕೆಳಗೆ. 1964ರಲ್ಲೂ 1998ರಲ್ಲೂ ಯಾರೋ ಅದರ ತಲೆ ಕತ್ತರಿಸಿದ್ದರು.

ಪುಸ್ತಕದ ಕಥೆ ಜನರ ಕಥೆಯಾಗಲು ಎಷ್ಟು ಕಾಲ ಬೇಕು? ಜರ್ಮನಿಯ ರೈನ್ ನದಿಯ ಲೋರೆಲೈ ಬಂಡೆಯ ಲೆಕ್ಕ ಹಾಕಿ ನೋಡಿ. ಬಂಡೆ ಹಳೆಯದು, ಅದರ ಪ್ರತಿಧ್ವನಿಯೂ ಹಳೆಯದು. ಆದರೆ ಅಲ್ಲಿ ಲೋರೆಲೈ ಎಂಬ ಸುಂದರಿಯನ್ನು ತಂದವನು ಕವಿ ಬ್ರೆಂಟಾನೊ, 1801ರಲ್ಲಿ. ಅವಳನ್ನು ಬಂಡೆಯ ಮೇಲೆ ಕೂರಿಸಿ, ಚಿನ್ನದ ಬಾಚಣಿಗೆ ಕೊಟ್ಟು, ಹಾಡಿ ದೋಣಿ ಮುಳುಗಿಸುವವಳನ್ನಾಗಿ ಪ್ರಸಿದ್ಧಿಗೆ ತಂದದ್ದು ಇನ್ನೊಬ್ಬ ಕವಿ ಹೈನೆ, 1824ರಲ್ಲಿ. ತನ್ನ ಪದ್ಯದಲ್ಲಿ ಅವನು ಇದನ್ನು ‘ಹಳೆಯ ಕಾಲದ ಕಥೆ’ ಅಂತ ಕರೆದ. ಆಗ ಕಥೆಗೆ 23 ವರ್ಷ.