ಜೋರಾಗಿ ಕೂಗಿದರೆ ಸದ್ದು ಬೇಗ ತಲುಪುತ್ತದೆಯೇ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಶಬ್ದದ ಪಾಠ ಓದುತ್ತಾ, "ಅಮ್ಮಾ, ಜೋರಾಗಿ ಕೂಗಿದ್ರೆ ಸದ್ದು ಬೇಗ ಹೋಗ್ಬೇಕು ಅಲ್ವಾ?" ಅಂದಳು. ವೇಗ ಅಂದರೆ ಆವೃತ್ತಿ (ಸೆಕೆಂಡಿಗೆ ಎಷ್ಟು ಸಲ ಅಲ್ಲಾಟ) ಗುಣಿಸು ತರಂಗದೂರ (ಒಂದು ಅಲೆಯ ಉದ್ದ) ಅಂತ ಪುಸ್ತಕದಲ್ಲಿದೆಯಂತೆ. ಕೀರಲು ದನಿಯ ಆವೃತ್ತಿ ಹೆಚ್ಚು, ಹಾಗಾಗಿ ಅದೂ ಬೇಗ ಹೋಗಬೇಕು ಅನ್ನುತ್ತಾಳೆ. ಏನು ಹೇಳಲಿ? (ಬನಶಂಕರಿಯ ಓದುಗರೊಬ್ಬರು)

ಉತ್ತರ: ಎರಡಕ್ಕೂ ಇಲ್ಲ ಎಂದೇ ಹೇಳಿ. ಜೋರಾಗಿ ಕೂಗಿದರೆ ಸದ್ದು ಹೆಚ್ಚು ದೂರದವರೆಗೆ ಕೇಳಿಸುತ್ತದೆ, ಬೇಗ ತಲುಪುವುದಿಲ್ಲ. ಕೀರಲು ದನಿಗೂ ದಪ್ಪ ದನಿಗೂ ವೇಗ ಒಂದೇ. ಆದರೆ ಸುಮ್ನೆ "ಇಲ್ಲ" ಅಂದು ಬಿಡಬೇಡಿ. ನಿಮ್ಮ ಮಗಳ ಪ್ರಶ್ನೆ ತುಂಬಾ ಒಳ್ಳೆಯದು. ಅಲೆಗಳ ಪಾಠದ ತಿರುಳೇ ಅದರಲ್ಲಿದೆ.

ತಾರಸಿಗೆ ಹೋಗಿ. ಬಟ್ಟೆ ಒಣಹಾಕುವ ಹಗ್ಗ, ಎಂಟು ಹತ್ತು ಮೀಟರ್ ಉದ್ದದ್ದು, ಸಾಕು. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ನಡುವೆ ಬಣ್ಣದ ರಿಬ್ಬನ್ ಬಿಗಿಯಿರಿ. ಇನ್ನೊಂದು ತುದಿಯನ್ನು ಮಗಳು ತುಸು ಎಳೆದು ಹಿಡಿದು, ಒಮ್ಮೆ ಮೇಲಕ್ಕೆ ಜಾಡಿಸಲಿ. ಒಂದು ಉಬ್ಬು ಹಗ್ಗದುದ್ದಕ್ಕೂ ಓಡಿ, ಕಂಬಕ್ಕೆ ತಾಗಿ, ತಲೆಕೆಳಗಾಗಿ ವಾಪಸ್ ಬರುತ್ತದೆ. ರಿಬ್ಬನ್ ಮಾತ್ರ ಇದ್ದಲ್ಲೇ ಮೇಲೆ ಹೋಗಿ ಕೆಳಗೆ ಬರುತ್ತದೆ. ಅಲೆ ಸಾಗಿತು, ಹಗ್ಗ ಸಾಗಲಿಲ್ಲ.

ಈಗ ಇನ್ನೂ ದೊಡ್ಡ ಉಬ್ಬು ಎಬ್ಬಿಸಲಿ. ನೀವು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ. ದೊಡ್ಡದೂ ಚಿಕ್ಕದೂ ಕಂಬ ಮುಟ್ಟಲು ಹೆಚ್ಚುಕಡಿಮೆ ಒಂದೇ ಹೊತ್ತು ತೆಗೆದುಕೊಳ್ಳುತ್ತವೆ. (ತೀರಾ ಜೋರಾಗಿ ಜಾಡಿಸಬೇಡಿ. ಆಗ ಹಗ್ಗವೇ ಬಿಗಿಯಾಗಿ ಲೆಕ್ಕ ಕೆಡುತ್ತದೆ.) ಆಮೇಲೆ ಹಗ್ಗವನ್ನು ಬಿಗಿಯಾಗಿ ಎಳೆದು ಮತ್ತೆ ಜಾಡಿಸಲಿ. ಉಬ್ಬು ಸರ್ರನೆ ಓಡುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು. ಹಗ್ಗವನ್ನು ನೀರಲ್ಲಿ ನೆನೆಸಿ ಭಾರ ಮಾಡಿದರೆ ಅದೇ ಉಬ್ಬು ನಿಧಾನವಾಗುತ್ತದೆ. ವೇಗವನ್ನು ತೀರ್ಮಾನಿಸುವುದು ಹಗ್ಗ, ಕೈಯಲ್ಲ.

ಜೋರು ಯಾಕೆ ವೇಗ ಕೊಡುವುದಿಲ್ಲ? ಉಯ್ಯಾಲೆಯನ್ನು ನೋಡಿ. ಸ್ವಲ್ಪ ತೂಗಿದರೂ, ಇನ್ನಷ್ಟು ತೂಗಿದರೂ, ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚು ಬದಲಾಗುವುದಿಲ್ಲ. ದೂರ ಹೋದಷ್ಟೂ ಅದನ್ನು ಹಿಂದಕ್ಕೆ ಎಳೆಯುವ ಬಲವೂ ಜಾಸ್ತಿ. ಗಾಳಿಯಲ್ಲೂ ಹೀಗೇ. ಜೋರಾಗಿ ಕೂಗಿದಾಗ ಗಾಳಿಯ ಒಂದೊಂದು ಪದರವೂ ಜಾಸ್ತಿ ದೂರ ಅಲ್ಲಾಡುತ್ತದೆ, ಅಷ್ಟೇ ಜಾಸ್ತಿ ಬಲದಿಂದ ವಾಪಸ್ ತಳ್ಳಿಸಿಕೊಳ್ಳುತ್ತದೆ. ಪಕ್ಕದ ಪದರಕ್ಕೆ ತಳ್ಳು ದಾಟಿಸುವ ಹೊತ್ತು ಮಾತ್ರ ಅಷ್ಟೇ ಉಳಿಯುತ್ತದೆ. ಬದಲಾಗುವುದು ಶಕ್ತಿ. ಪಾರ (ನಡುವಿನಿಂದ ಅತ್ತಿತ್ತ ಅಲ್ಲಾಡುವ ಗರಿಷ್ಠ ದೂರ) ಎರಡು ಪಟ್ಟಾದರೆ ಅಲೆ ಹೊತ್ತೊಯ್ಯುವ ಶಕ್ತಿ ನಾಲ್ಕು ಪಟ್ಟು.

ಇನ್ನು ಸೂತ್ರ. ಅದು ಸರಿಯಾಗಿಯೇ ಇದೆ, ಆದರೆ ಮೂರರಲ್ಲಿ ಯಾವುದು ಯಾರ ಕೈಯಲ್ಲಿದೆ ಅನ್ನುವುದನ್ನು ಪಾಠದಲ್ಲಿ ಒತ್ತಿ ಹೇಳಬೇಕು. ವೇಗ ಮಾಧ್ಯಮದ್ದು, ಅಂದರೆ ಅಲೆ ಸಾಗುವ ಹಗ್ಗದ್ದು ಅಥವಾ ಗಾಳಿಯದ್ದು. ಆವೃತ್ತಿ ಅಲ್ಲಾಡಿಸುವವರದ್ದು. ತರಂಗದೂರ ಇವೆರಡಕ್ಕೂ ಹೊಂದಿಕೊಳ್ಳುತ್ತದೆ. ಕೈಯನ್ನು ಬೇಗ ಬೇಗ ಆಡಿಸಿದರೆ ಉಬ್ಬುಗಳು ಒತ್ತೊತ್ತಾಗುತ್ತವೆ, ಓಟ ಹೆಚ್ಚುವುದಿಲ್ಲ. ರೇಡಿಯೋದಲ್ಲೂ ಇದೇ ಲೆಕ್ಕ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ವಿವಿಧ ಭಾರತಿಯ 102.9 ಮೆಗಾಹರ್ಟ್ಸ್ ಅಲೆ ಮೂರು ಮೀಟರೂ ಇಲ್ಲ. ಎರಡೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲೇ ಬರುತ್ತವೆ.

ಕಿವಿಯಿಂದಲೂ ಪರೀಕ್ಷೆ ಮಾಡಬಹುದು. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕಛೇರಿ ನಡೆಯುವಾಗ ಮಗಳನ್ನು ಕರೆದುಕೊಂಡು ಹೋಗಿ, ಹಿಂದೆ ದೂರದಲ್ಲಿ ನಿಲ್ಲಿ. ಪಿಟೀಲಿನ ಕೀರಲು ಸ್ವರ, ಮೃದಂಗದ ಗುಂಕಿ, ತಂಬೂರಿಯ ಮೆಲುದನಿ ಎಲ್ಲವೂ ಒಟ್ಟಿಗೆ ಬರುತ್ತವೆ. ಜೋರಿನ ಸದ್ದು ಮುಂದೆ ಓಡುವಂತಿದ್ದರೆ ಹಿಂದೆ ನಿಂತವರಿಗೆ ತಾಳವೇ ಸಿಗುತ್ತಿರಲಿಲ್ಲ.

ಗಾಳಿಯಲ್ಲಿ ಸದ್ದಿನ ವೇಗವನ್ನು ಬದಲಿಸುವುದು ಮುಖ್ಯವಾಗಿ ಉಷ್ಣತೆ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, ಆಮೇಲೆ ಡಿಗ್ರಿಗೆ ಸುಮಾರು 0.6 ಮೀಟರ್ ಏರಿಕೆ. ಅಂದರೆ ನಮ್ಮಲ್ಲಿ 20 ಡಿಗ್ರಿಯ ತಂಪು ಬೆಳಗಿನಲ್ಲಿ 343, ಏಪ್ರಿಲ್‌ನ 33 ಡಿಗ್ರಿ ಬಿಸಿಲಿನಲ್ಲಿ 351. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಆದರೆ ಒತ್ತಡವೂ ಸಾಂದ್ರತೆಯೂ ಒಟ್ಟಿಗೆ ಇಳಿಯುವುದರಿಂದ ಅದರ ಪರಿಣಾಮ ಕಾಣುವುದಿಲ್ಲ. ಅದೇ ಉಷ್ಣತೆಯಿದ್ದರೆ ಮಂಗಳೂರಿನಲ್ಲೂ ಹೆಚ್ಚುಕಡಿಮೆ ಇದೇ ವೇಗ.

ಮಕ್ಕಳಿಗೆ ಅಲೆ ಕಲಿಸಲು ಕೆರೆಯ ನೀರಿನಿಂದ ಶುರುಮಾಡುವುದು ನನಗೆ ಸರಿ ಕಾಣುವುದಿಲ್ಲ. ನೀರಿನ ಅಲೆ ಬಲು ತೊಡಕಿನದು. ಆಳದ ನೀರಿನಲ್ಲಿ ಉದ್ದನೆಯ ಅಲೆಗಳು ಗಿಡ್ಡ ಅಲೆಗಳಿಗಿಂತ ಬೇಗ ಓಡುತ್ತವೆ. ತೇಲುವ ಎಲೆ ಮೇಲೆ-ಕೆಳಗೆ ಮಾತ್ರವಲ್ಲ, ಹಿಂದೆ-ಮುಂದೆಯೂ ಹೋಗಿ ಸುತ್ತು ಹಾಕುತ್ತದೆ. ಮೊದಲು ಹಗ್ಗ, ಆಮೇಲೆ ಗಾಳಿ, ಕೊನೆಗೆ ಸ್ಯಾಂಕಿ ಕೆರೆ.

ನಿಮ್ಮ ಮಗಳ ಮಾತು ನಿಜವಾಗುವ ಒಂದು ಸಂದರ್ಭ ಇದೆ. ದೊಡ್ಡ ಸ್ಫೋಟವಾದಾಗ ಅದರ ತೀರಾ ಹತ್ತಿರ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆಂದರೆ, ಆ ಆಘಾತದ ಅಲೆ ಮಾಮೂಲಿ ಸದ್ದಿಗಿಂತ ಬೇಗ ಓಡುತ್ತದೆ. ದೂರ ಹೋಗುತ್ತಾ ಬಲ ಕಳೆದುಕೊಂಡು ಮಾಮೂಲಿ ವೇಗಕ್ಕೆ ಇಳಿಯುತ್ತದೆ. 2020ರ ಮೇ 20ರಂದು ಬೆಂಗಳೂರಿನ ಎಷ್ಟೋ ಕಡೆ ಕೇಳಿಸಿದ ಆ ಭಾರೀ ಸದ್ದು ನೆನಪಿದೆಯಾ? ಅದೂ ಆಘಾತದ ಅಲೆಯೇ. ಶಬ್ದದ ವೇಗ ಮೀರಿ ಹಾರಿದ ವಾಯುಪಡೆಯ ವಿಮಾನದ ಸದ್ದು ಅದು. ವಿಮಾನ ಇದ್ದದ್ದು 36,000 ಅಡಿಗೂ ಮೇಲೆ. ಕಿಟಕಿ ಗಾಜು ಅಲುಗಿಸುವಷ್ಟು ಜೋರಿದ್ದ ಆ ಸದ್ದಿಗೂ ಅಲ್ಲಿಂದ ನೆಲಕ್ಕಿಳಿಯಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಹೊತ್ತು ಬೇಕು.