ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗುವ ಮೊದಲು

ಲೀಗಲ್ ನೋಟಿಸ್ ನಮ್ಮ ಆಫೀಸಿಗೆ ಬಂದಿದ್ದು ಒಂದು ಸೋಮವಾರ. ಮೊದಲು ಸೆಕ್ಯುರಿಟಿಯವರು ಸಹಿ ಹಾಕಿ ತೆಗೆದುಕೊಂಡರು. ಅಲ್ಲಿಂದ ಅಡ್ಮಿನ್, ಅಡ್ಮಿನ್‌ನಿಂದ ಖರೀದಿ ವಿಭಾಗ. ಕಾನೂನು ವಿಷಯ ನೋಡಿಕೊಳ್ಳುವ ನನ್ನ ಮೇಜಿಗೆ ಬಂದಾಗ ಗುರುವಾರ ಸಂಜೆ. ಒಬ್ಬ ಸಪ್ಲೈಯರ್ ಜೊತೆಗಿನ ಒಪ್ಪಂದ ರದ್ದಾಗಿದೆಯೋ, ತಾನಾಗಿಯೇ ಇನ್ನೊಂದು ವರ್ಷಕ್ಕೆ ಮುಂದುವರಿದಿದೆಯೋ ಅನ್ನುವುದು ತಕರಾರು. ಅದನ್ನು ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಆಗಷ್ಟೇ ಕೆಲಸ ಬಿಟ್ಟಿದ್ದರು. ಐಟಿಯವರಿಗೆ ಫೋನ್ ಮಾಡಿ, ಅವರ ಲ್ಯಾಪ್‌ಟಾಪ್ ಎತ್ತಿಡಿ ಎಂದೆ.

"ಅಯ್ಯೋ ಮೇಡಂ, ಅದನ್ನ ಮಂಗಳವಾರಾನೇ ಫಾರ್ಮ್ಯಾಟ್ ಮಾಡಿ ಹೊಸಬ್ರಿಗೆ ಕೊಟ್ಟಾಯ್ತಲ್ಲ!"

ಆ ಹುಡುಗನ ತಪ್ಪೇನೂ ಇಲ್ಲ. ಬಿಟ್ಟುಹೋದವರ ಲ್ಯಾಪ್‌ಟಾಪ್ ಒರೆಸಿ ಮುಂದಿನವರಿಗೆ ಕೊಡುವುದೇ ಅವನ ಕೆಲಸ. ಚೆನ್ನಾಗಿ ಮಾಡಿದ್ದ. ದೊಡ್ಡ ಸಂಸ್ಥೆಗಳಲ್ಲಿ ಸಾಕ್ಷ್ಯ ಹಾಳಾಗುವುದು ಬಹುಪಾಲು ಹೀಗೆಯೇ. ಯಾರೋ ರಾತ್ರಿ ಕೂತು ಕದ್ದು ಅಳಿಸುವುದು ಅಪರೂಪ. ತಮ್ಮ ಕೆಲಸ ಸರಿಯಾಗಿ ಮಾಡುವವರ ಕೈಯಲ್ಲೇ ಹೋಗುತ್ತದೆ. ಅದೂ ಕೋರ್ಟ್ ಮೆಟ್ಟಿಲು ಹತ್ತುವ ಎಷ್ಟೋ ಮೊದಲು.

ಆ ಮ್ಯಾನೇಜರ್‌ನ ಮೇಲ್‌ಬಾಕ್ಸ್ ಮಾತ್ರ ಉಳಿದಿತ್ತು. ಖಾತೆ ತೆಗೆದು 26 ದಿನವಾಗಿತ್ತು. ಮೈಕ್ರೋಸಾಫ್ಟ್ 365ರಲ್ಲಿ ಬೇರೆ ಏರ್ಪಾಡು ಮಾಡಿರದಿದ್ದರೆ, ತೆಗೆದ ಖಾತೆಯ ಮೇಲ್ ವಾಪಸ್ ಪಡೆಯಲು ಇರುವುದು 30 ದಿನ. ಇನ್ನೊಂದು ವಾರ ಆ ನೋಟಿಸ್ ಯಾರದೋ ಟ್ರೇಯಲ್ಲಿ ಮಲಗಿದ್ದರೆ ಅದೂ ಇಲ್ಲ.

ಇಂಥ ಹೊತ್ತಲ್ಲಿ ಮಾಡಬೇಕಾದ್ದಕ್ಕೆ ನಮ್ಮ ಕಡೆ ಎಲ್ಲರೂ ಹೇಳುವುದು "ಹೋಲ್ಡ್ ಹಾಕೋದು" ಅಂತ. ಅಂದರೆ ಈ ವಿಷಯಕ್ಕೆ ಸೇರಿದ ಏನನ್ನೂ ಅಳಿಸಬೇಡಿ, ತಾನಾಗಿ ಅಳಿಯುವುದನ್ನೂ ನಿಲ್ಲಿಸಿ ಎಂದು ಸಂಬಂಧಪಟ್ಟವರಿಗೆಲ್ಲ ಬರೆದು ತಿಳಿಸುವುದು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಆ ಪದವೇ ಇಲ್ಲ. ಹಾಗಂತ ಕೈಕಟ್ಟಿ ಕೂರುವ ಹಾಗಿಲ್ಲ. ನಿಮ್ಮ ಬಳಿ ಇರಬೇಕಾದ ಸಾಕ್ಷ್ಯ ನೀವು ತರದಿದ್ದರೆ, ಅದು ನಿಮಗೆ ವಿರುದ್ಧವಾಗಿಯೇ ಇದ್ದಿರಬೇಕು ಎಂದು ನ್ಯಾಯಾಧೀಶರು ಊಹಿಸಬಹುದು. ಹಳೇ ಸಾಕ್ಷ್ಯ ಕಾಯ್ದೆಯ 114ನೇ ಕಲಮಿನಲ್ಲಿ ಇದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 119ರಲ್ಲಿದೆ.

ಹೋಲ್ಡ್ ಅನ್ನುವುದು ಈ ಪರಿ ಬಿಗಿಯಾಗಿದ್ದು ಅಮೆರಿಕದಲ್ಲಿ. ನ್ಯೂಯಾರ್ಕ್‌ನಲ್ಲಿ ಲಾರಾ ಜುಬುಲೇಕ್ ಎಂಬ ಉದ್ಯೋಗಿ ತಾನು ಕೆಲಸ ಮಾಡುತ್ತಿದ್ದ ಯುಬಿಎಸ್ ಬ್ಯಾಂಕಿನ ಮೇಲೆ ಲಿಂಗ ತಾರತಮ್ಯದ ದಾವೆ ಹೂಡಿದ್ದರು. ಏನೂ ಅಳಿಸಬೇಡಿ ಎಂದು ವಕೀಲರು ಹೇಳಿದ್ದರು. ಆದರೂ ಸಿಬ್ಬಂದಿ ಕೆಲವು ಮೇಲ್ ಅಳಿಸಿದರು, ಕೆಲವು ಬ್ಯಾಕಪ್ ಟೇಪುಗಳೂ ಸಿಗಲಿಲ್ಲ. ನ್ಯಾಯಾಧೀಶೆ ಶಿರಾ ಶೈಂಡ್ಲಿನ್ 2004ರಲ್ಲಿ ಹೇಳಿದ್ದು ಇಷ್ಟೇ: ಅಳಿಸಬೇಡಿ ಎಂದು ಹೇಳಿ ವಕೀಲರು ಕೈತೊಳೆದುಕೊಳ್ಳುವಂತಿಲ್ಲ, ಜನ ಹಾಗೆ ನಡೆದುಕೊಂಡರೋ ಇಲ್ಲವೋ ಬೆನ್ನು ಹತ್ತಿ ನೋಡಬೇಕು. 2005ರಲ್ಲಿ ಜ್ಯೂರಿ 2.9 ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರ ಕೊಟ್ಟಿತು.

ಬೆನ್ನು ಹತ್ತುವುದೇ ಕಷ್ಟದ ಕೆಲಸ. ನಾಲ್ಕು ಪುಟದ ಇಂಗ್ಲಿಷ್ ನೋಟಿಸ್ ಕಳಿಸಿದರೆ ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಸ್ಟೋರ್ಸ್‌ನವರಿಗೆ, ಶಾಪ್ ಫ್ಲೋರ್ ಸೂಪರ್‌ವೈಸರ್‌ಗಳಿಗೆ ಕನ್ನಡದಲ್ಲೇ ಬರೆಯುತ್ತೇನೆ: "ಈ ಸಪ್ಲೈಯರ್‌ಗೆ ಸೇರಿದ ಮೇಲ್, ವಾಟ್ಸಾಪ್, ಫೋಟೊ, ವಾಯ್ಸ್ ಮೆಸೇಜ್ ಏನನ್ನೂ ಅಳಿಸಬೇಡಿ. ಫಾರ್ವರ್ಡ್ ಮಾಡಬೇಡಿ. ಫೋನ್ ಬದಲಾಯಿಸುವ ಮೊದಲು ನನಗೊಂದು ಮಾತು ಹೇಳಿ." ಅಷ್ಟೇ. ಆದರೂ ಅದೇ ಸಂಜೆ ಎರಡು ಮೂರು ಫೋನ್ ಬರುತ್ತವೆ. "ನಾನೇನು ತಪ್ಪು ಮಾಡ್ದೆ ಮೇಡಂ?" ಏನೂ ಇಲ್ಲ ಎಂದು ಸಮಾಧಾನ ಹೇಳಬೇಕು. ಹೆದರಿದವರು ಮೊದಲು ಮಾಡುವುದೇ ಅಳಿಸುವುದು, ಅಲ್ವಾ?

ವಾಟ್ಸಾಪ್ ವಿಚಾರ ಇನ್ನೂ ಗೋಜಲು. ಸರಕು ಬಂತೋ ಇಲ್ಲವೋ, ದರ ಒಪ್ಪಿಗೆಯೋ, ಎಲ್ಲ ಮಾತುಕತೆ ನಡೆಯುವುದು ಅಲ್ಲೇ. ಅದೂ ಸ್ವಂತ ಫೋನಿನಲ್ಲಿ. ಗುಂಪಿನಲ್ಲಿ ಯಾರೋ ಮೆಸೇಜ್ ತಾನಾಗಿ ಮಾಯವಾಗುವ ಆಯ್ಕೆ ಒತ್ತಿಟ್ಟಿದ್ದರೆ 24 ಗಂಟೆಗೋ, 7 ದಿನಕ್ಕೋ, 90 ದಿನಕ್ಕೋ ಹೋಗಿಬಿಡುತ್ತದೆ. ಹೋಲ್ಡ್ ಹಾಕಿದ ದಿನ ನಾನು ಮೊದಲು ಕೇಳುವ ಪ್ರಶ್ನೆ ಅದೇ. ಎರಡನೆಯದು ಸಿಸಿಟಿವಿ. ಡಿಸ್ಕ್ ತುಂಬಿದ ಕೂಡಲೇ ಡಿವಿಆರ್, ಅಂದರೆ ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ, ಹಳೆಯದರ ಮೇಲೇ ಬರೆಯಲು ಶುರು ಮಾಡುತ್ತದೆ.

ಸಿಕ್ಕಿದ್ದನ್ನು ತೆಗೆಯುವ ರೀತಿಯೂ ಮುಖ್ಯ. ಮೇಲನ್ನು ಫಾರ್ವರ್ಡ್ ಮಾಡಿ ಕಳಿಸಿದರೆ ಮೂಲ ಹೆಡರ್, ಅಂದರೆ ಆ ಮೇಲ್ ಯಾವಾಗ, ಯಾವ ದಾರಿಯಲ್ಲಿ ಬಂತು ಅನ್ನುವ ವಿವರ, ಬರುವುದಿಲ್ಲ. ಫೈಲ್ ತೆರೆದು ಒಮ್ಮೆ ಸೇವ್ ಒತ್ತಿದರೂ ತಾರೀಖು ಬದಲಾಗುತ್ತದೆ. ಹಾಗಾಗಿ ಐಟಿಯವರು ನಕಲು ತೆಗೆದ ತಕ್ಷಣ ಹ್ಯಾಶ್ ಲೆಕ್ಕ ಹಾಕಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ಎಸ್‌ಎಚ್‌ಎ-256 ಆದರೆ 64 ಅಕ್ಷರ, ಅಂಕಿಗಳ ಒಂದು ಸಾಲು. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ.

ಇದು ಈಗ ಇದ್ದರೂ ನಡೆಯುತ್ತೆ, ಇಲ್ಲದಿದ್ದರೂ ನಡೆಯುತ್ತೆ ಅನ್ನುವಂಥದ್ದಲ್ಲ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟ್ ಒಪ್ಪಬೇಕಾದರೆ ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕು. 2024ರ ಜುಲೈ 1ರಿಂದ ಇದಕ್ಕೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಹೋಗಿ ಹೊಸ ಅಧಿನಿಯಮದ 63ನೇ ಕಲಂ ಬಂದಿದೆ. ಆ ಪ್ರಮಾಣಪತ್ರದಲ್ಲಿ ಎರಡು ಭಾಗ. ಒಂದಕ್ಕೆ ದಾಖಲೆ ಹಾಜರುಪಡಿಸುವ ಕಡೆಯವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಹ್ಯಾಶ್ ಎರಡರಲ್ಲೂ ಬರೆಯಬೇಕು. ಸಾಧನದ ಮಾದರಿ, ಸೀರಿಯಲ್ ನಂಬರ್, ಬಣ್ಣ ಕೂಡ ಕೇಳುತ್ತಾರೆ. ಎಲ್ಲೋ ಇರುವ ಕ್ಲೌಡ್ ಸರ್ವರಿನ ಬಣ್ಣ ಯಾವುದು ಎಂದು ನಮ್ಮ ಐಟಿ ಮುಖ್ಯಸ್ಥರು ಒಮ್ಮೆ ಗಂಭೀರವಾಗಿಯೇ ಕೇಳಿದ್ದರು.

2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಒಂದು ಮಾತು ದೊಡ್ಡ ಸಂಸ್ಥೆಗಳಿಗೆ ನೇರವಾಗಿ ತಟ್ಟುತ್ತದೆ. ಫೋನಿನ ಮಾಲೀಕ ಅದೇ ಫೋನ್ ಹಿಡಿದು ಸಾಕ್ಷಿಕಟ್ಟೆ ಹತ್ತಿದರೆ ಪ್ರಮಾಣಪತ್ರ ಬೇಡ. ಆದರೆ ಕೋರ್ಟಿಗೆ ಹೊತ್ತು ತರಲಾಗದ ನೆಟ್‌ವರ್ಕಿನಲ್ಲಿ ದಾಖಲೆ ಇದ್ದರೆ ಪ್ರಮಾಣಪತ್ರವೇ ದಾರಿ. ಮೊದಲೇ ಕೊಡಲಿಲ್ಲ ಅಂತ ಕೇಸೇ ಬಿದ್ದುಹೋಗುವುದಿಲ್ಲ, ಆಮೇಲೂ ಕೊಡಬಹುದು. ಕರ್ನಾಟಕ ಲೋಕಾಯುಕ್ತ ಪೊಲೀಸರ ಒಂದು ಪ್ರಕರಣದಲ್ಲಿ 2019ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತ್ತು. ಆದರೆ ಆಮೇಲೆ ಎಂದರೆ ಯಾರ ಸಹಿ? ಮೂರು ವರ್ಷದ ಹಿಂದೆ ಡೇಟಾ ತೆಗೆದ ಎಂಜಿನಿಯರ್ ಈಗ ಬೇರೆ ಕಂಪನಿಯಲ್ಲೋ, ಬೇರೆ ದೇಶದಲ್ಲೋ ಇರುತ್ತಾನೆ. ಅದಕ್ಕೆ ನಾನು ಡೇಟಾ ತೆಗೆದ ದಿನವೇ ಪ್ರಮಾಣಪತ್ರಕ್ಕೆ ಬೇಕಾದ ವಿವರವೆಲ್ಲ ಬರೆಸಿಡುತ್ತೇನೆ.

ಇನ್ನು ಆ ಸಪ್ಲೈಯರ್ ಕಥೆ. ಒಪ್ಪಂದ ಬೇಡವಾದರೆ ಮಾರ್ಚ್ 31ರೊಳಗೆ ಮೇಲ್ ಮಾಡಬೇಕಿತ್ತು. ಉಳಿದಿದ್ದ ಮೇಲ್‌ಬಾಕ್ಸಿನಲ್ಲಿ ಆ ಮೇಲ್ ಸಿಕ್ಕಿತು. ಐಟಿಯವರು ಕೊಟ್ಟ ಎಕ್ಸೆಲ್ ಪಟ್ಟಿಯಲ್ಲಿ ಸಮಯ ಮಾರ್ಚ್ 31, 19:10. ಖರೀದಿ ವಿಭಾಗದವರಿಗೆ ಖುಷಿಯೋ ಖುಷಿ. ಕೇಸ್ ಗೆದ್ದೇಬಿಟ್ಟೆವು ಎಂದು ಒಬ್ಬರು ಕಾಫಿ ಕೂಡ ತರಿಸಿದರು. ನನಗೆ ಮಾತ್ರ ಒಂದು ಅನುಮಾನ. ಸಂಜೆ ಏಳಕ್ಕೆ ಕಳಿಸಿದ ಮೇಲಿನಲ್ಲಿ "ಇಷ್ಟು ತಡರಾತ್ರಿ ಬರೆಯುತ್ತಿರುವುದಕ್ಕೆ ಕ್ಷಮಿಸಿ" ಎಂದು ಯಾಕೆ ಬರೆದಿದ್ದಾರೆ?

ಹೆಡರ್ ತೆಗೆಸಿ ನೋಡಿದೆ. ಸಮಯದ ಪಕ್ಕದಲ್ಲಿ +0000. ಅಂದರೆ ಅದು ನಮ್ಮ ಸಮಯವಲ್ಲ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ (ಯುಟಿಸಿ). ಐದೂವರೆ ಗಂಟೆ ಕೂಡಿಸಿದರೆ ಏಪ್ರಿಲ್ 1, ರಾತ್ರಿ 12:40. ಗಡುವು ಮುಗಿದು 40 ನಿಮಿಷ ಆಗಿತ್ತು. ಕಾಫಿ ತಣ್ಣಗಾಯಿತು.

ಆ ಪಟ್ಟಿಯನ್ನೇ ಲಗತ್ತಿಸಿ ಪ್ರಮಾಣ ಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ. ಸಪ್ಲೈಯರ್ ಇನ್‌ಬಾಕ್ಸಿನಲ್ಲಿ ಅದೇ ಮೇಲ್ ಏಪ್ರಿಲ್ 1 ಎಂದು ಇದೆ. ಪಾಟೀಸವಾಲಿನಲ್ಲಿ ಅವರ ವಕೀಲರು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ ನಮ್ಮ ಸಾಕ್ಷಿ ಸುಳ್ಳುಗಾರ ಅನ್ನಿಸಿಕೊಳ್ಳುತ್ತಿದ್ದ, ಆ ಒಂದು ಮೇಲ್ ಜೊತೆ ಉಳಿದ ದಾಖಲೆಗಳ ಮೇಲೂ ಅನುಮಾನ ಬರುತ್ತಿತ್ತು. ನಮ್ಮ ವಕೀಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ದಾವೆ ಹೂಡುವ ಮೊದಲೇ ರಾಜಿ ಆಯಿತು. ಒಂದಿಷ್ಟು ದುಡ್ಡು ಹೋಯಿತು, ಆದರೆ ಒಂದು ವರ್ಷದ ಪೂರ್ತಿ ದರವಲ್ಲ.

ಅಲ್ಲಿಂದ ಮೇಲೆ ಐಟಿಯವರ ಜೊತೆ ಎರಡು ಬದಲಾವಣೆ ಮಾಡಿಕೊಂಡೆ. ಯಾವುದೇ ಡೇಟಾ ತೆಗೆದರೂ ಸಮಯದ ಪಕ್ಕದಲ್ಲಿ ಅದು ಯಾವ ದೇಶದ ಗಡಿಯಾರ ಎಂದು ಬರೆಯುತ್ತಾರೆ. ಬಿಟ್ಟುಹೋದವರ ಲ್ಯಾಪ್‌ಟಾಪ್ ಒರೆಸುವ ಮೊದಲು ನನ್ನ ಹೋಲ್ಡ್ ಪಟ್ಟಿಯಲ್ಲಿ ಹೆಸರು ಇದೆಯಾ ಎಂದು ನೋಡುತ್ತಾರೆ.

ಈಗ ಅವರ ದೂರು ಬೇರೆ. ಪಟ್ಟಿಗೆ ಸೇರಿದ ಹೆಸರು ಹೊರಗೆ ಬರುವುದೇ ಇಲ್ಲವಂತೆ. ನಿಜ. ಕೇಸು ಮುಗಿದು, ಮೇಲ್ಮನವಿಯ ಗಡುವೂ ದಾಟಿದ ಮೇಲೆ ಹೋಲ್ಡ್ ತೆಗೆದು ಬರೆದು ತಿಳಿಸಬೇಕಾದವಳು ನಾನೇ. ಹೋದ ತಿಂಗಳು ನೋಡಿದರೆ ಬೀರುವಿನಲ್ಲಿ 11 ಲ್ಯಾಪ್‌ಟಾಪ್, ಅದರಲ್ಲಿ 4 ಮುಗಿದುಹೋದ ಕೇಸಿನವು. ಒಂದರ ಬ್ಯಾಟರಿ ಉಬ್ಬಿ ಮುಚ್ಚಳ ತಾನಾಗೇ ಬಾಯಿ ತೆರೆದಿತ್ತು.